ಮನಸ್ಸಿದ್ದರೆ ಮಾರ್ಗ ಅಂತೀರಿ, ಬಾಗಿಲು ಎಲ್ಲುಂಟು?

ಊರಿಗೆ ಹೋದಾಗಲೆಲ್ಲ ನನಗೆ ಎರಡು ಮಾತು ಕೇಳಲಿಕ್ಕೆ ಸಿಗುತ್ತವೆ. ಕುಂದಾಪುರದಲ್ಲಿ ಬಸ್ಸಿಳಿದು, ಮನೆ ಸೇರಿ, ಕೈಕಾಲು ತೊಳೆದು ಜಗಲಿಯಲ್ಲಿ ಕೂತದ್ದೇ ತಡ, ನೆರೆಮನೆಯವರು ಬಂದು ವಿಚಾರಿಸುತ್ತಾರೆ. "ಮಗನದ್ದು ಈಗಲೂ ಮನೆಯಿಂದಲೇ ಕೆಲಸವಾ? ಪುಣ್ಯವಂತ ಮಾರಾಯ್ರೆ, ಮನೇಲಿ ಕೂತು ಸಂಬಳ!" ಇದು ಮೊದಲನೆಯ ಮಾತು. ಕಾಫಿ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಎರಡನೆಯದು ಬರುತ್ತದೆ. "ಆದ್ರೆ ಮನೇಲಿ ಕೂತ್ರೆ ಸೋಮಾರಿತನ ಬರ್ತದೆ. ಶಿಸ್ತು ಬೇಕು, ಗುರಿ ಬೇಕು. ಮನಸ್ಸಿದ್ದರೆ ಮಾರ್ಗ."

ಮೊದಲನೆಯ ಮಾತಿಗೆ ನಾನು ನಕ್ಕು ಸುಮ್ಮನಾಗುತ್ತೇನೆ. ಎರಡನೆಯದು ಮಾತ್ರ ಈಚೆಗೆ ಮೈ ಉರಿಸುತ್ತದೆ. ಯಾಕೆಂದರೆ ಅದೇ ಮಾತನ್ನು ನಾನು ನನ್ನ ಮನೆಯಲ್ಲಿ ತಿಂಗಳುಗಟ್ಟಲೆ ಹೇಳಿದ್ದೇನೆ. ಅದರ ಬೆಲೆಯನ್ನು ನನ್ನ ಸೊಸೆ ಕೊಟ್ಟಳು. ಹಾಗಾಗಿ ಈ ಲೇಖನವನ್ನು ಜಗಳ ಅಂತಲೇ ತಿಳಿದು ಓದಿ. ಜಗಳ ನಿಮ್ಮ ಜೊತೆಗೂ ಉಂಟು, ನನ್ನ ಜೊತೆಗೂ ಉಂಟು.

ನಾನು ಎಂ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕಿಗೆ ಸೇರಿದವ. ಮಾರನೇ ವರ್ಷ ಮುಂಬಯಿಗೆ ವರ್ಗವಾಯಿತು. ಆಮೇಲೆ ಒಂದೆರಡು ವರ್ಗಾವಣೆ ಬಿಟ್ಟರೆ ಅಂಧೇರಿಯೇ ನನ್ನ ಊರು. 2019ರಲ್ಲಿ ನಿವೃತ್ತನಾದೆ. ಅಂಧೇರಿ ಪೂರ್ವದ ಚಕಾಲಾದಲ್ಲಿ ನಮ್ಮದೊಂದು ಫ್ಲಾಟ್ ಉಂಟು. ಒಂದು ಬೆಡ್‌ರೂಮು, ಒಂದು ಹಾಲು, ಒಂದು ಅಡುಗೆಮನೆ. ಗೋಡೆಯಿಂದ ಗೋಡೆಗೆ ಅಳೆದರೆ 420 ಚದರ ಅಡಿ. ಊರಿನ ನಮ್ಮ ಮನೆಯ ಅಂಗಳ ಇದಕ್ಕಿಂತ ದೊಡ್ಡದು. ಆದರೆ ಮುಂಬಯಿಯ ಲೆಕ್ಕದಲ್ಲಿ ನಾವು ಸ್ಥಿತಿವಂತರು. ಇದರ ಅರ್ಧದಷ್ಟು ಜಾಗದಲ್ಲಿ ಆರು ಜನ ಬಾಳುವ ಮನೆಗಳು ನಮ್ಮ ಗಲ್ಲಿಯಲ್ಲೇ ಇವೆ.

2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಅದಕ್ಕೂ ಮೊದಲೇ ಇಲ್ಲಿ ಲೋಕಲ್ ರೈಲು ನಿಂತಿತ್ತು. ಮಗ ಸಾಫ್ಟ್‌ವೇರಿನವ, ಆಫೀಸು ಸೀಪ್ಝ್ ಹತ್ತಿರ. ಸೀಪ್ಝ್ ಅಂದರೆ 1973ರಲ್ಲಿ ರಫ್ತಿಗಾಗಿ ಅಂಧೇರಿಯಲ್ಲಿ ಶುರುವಾದ ದೊಡ್ಡ ಆವರಣ. ಸೊಸೆ ಒಂದು ಕಂಪನಿಯಲ್ಲಿ ವಿಮೆಯ ಕ್ಲೇಮುಗಳನ್ನು ನೋಡುವ ಕೆಲಸದಲ್ಲಿದ್ದಳು. ಇಬ್ಬರೂ ಒಂದೊಂದು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಮನೆಗೆ ಬಂದರು. ಎರಡನೇ ಕ್ಲಾಸಿನ ಮೊಮ್ಮಗನ ಶಾಲೆಯೂ ಮೊಬೈಲಿನೊಳಗೆ ಸೇರಿತು. ನಾನು, ನನ್ನ ಹೆಂಡತಿ ಮೊದಲೇ ಮನೆಯಲ್ಲಿದ್ದವರು. ಒಟ್ಟು ಐದು ಜನ, ಎರಡು ಆಫೀಸು, ಒಂದು ಶಾಲೆ, ಒಂದು ಊಟದ ಮೇಜು.

ಮೇಜು ಮಗನಿಗೆ ಹೋಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತನ್ನಷ್ಟಕ್ಕೆ ಹೋಯಿತು. ಮೊಮ್ಮಗ ಬೆಡ್‌ರೂಮಿನ ಮಂಚದ ಮೇಲೆ. ನಾನು ಹಾಲಿನಲ್ಲಿ ಟಿವಿ ಎದುರು, ಮೂವತ್ತಾರು ವರ್ಷ ದುಡಿದು ಸಂಪಾದಿಸಿದ ಕುರ್ಚಿಯ ಮೇಲೆ. ಸೊಸೆಗೆ ಇಸ್ತ್ರಿ ಮೇಜು ಸಿಕ್ಕಿತು. ಅದನ್ನು ಅಡುಗೆಮನೆಯ ಬಾಗಿಲಲ್ಲಿ ಬಿಡಿಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು.

ನಾನು ಬ್ಯಾಂಕಿನ ಮನುಷ್ಯ. ನಮ್ಮಲ್ಲಿ ಹಾಜರಿ ಪುಸ್ತಕದಲ್ಲಿ ಸಹಿ ಬಿದ್ದ ಮೇಲೆ ಆ ದಿನ ಬ್ಯಾಂಕಿನದ್ದು. ಸಂಜೆ ಕ್ಯಾಷ್ ತಾಳೆಯಾಗುವ ತನಕ ಯಾರೂ ಏಳುವ ಹಾಗಿಲ್ಲ. ಈ ಮಕ್ಕಳು ನೋಡಿದರೆ ಹತ್ತು ನಿಮಿಷಕ್ಕೊಮ್ಮೆ ಏಳುತ್ತಾರೆ, ಒಮ್ಮೆ ಕುಕ್ಕರಿನ ಹತ್ತಿರ, ಒಮ್ಮೆ ಮಗುವಿನ ಹತ್ತಿರ. ನನಗೆ ತಡೆಯಲಿಲ್ಲ, ಉಪದೇಶ ಶುರು ಮಾಡಿದೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಆಫೀಸಿನ ಬಟ್ಟೆ ಹಾಕಿಕೊಳ್ಳಿ. ದಿನದ ಕೆಲಸದ ಪಟ್ಟಿ ಬರೆಯಿರಿ. ಮೊಬೈಲ್ ದೂರ ಇಡಿ. ಕಷ್ಟದ ಕೆಲಸ ಮೊದಲು, ಸುಲಭದ್ದು ಆಮೇಲೆ. ಪತ್ರಿಕೆಯಲ್ಲಿ ಅಂಥ ಸೂತ್ರಗಳು ಬಂದರೆ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೆ. "ನಾನು ಸಿಎಐಐಬಿ ಪರೀಕ್ಷೆ ಪಾಸು ಮಾಡಿದಾಗ ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದೆವು, ಗೊತ್ತುಂಟಾ?" ಅಂತ ವಾರಕ್ಕೆ ಎರಡು ಸಲವಾದರೂ ಹೇಳುತ್ತಿದ್ದೆ. ಸೊಸೆ, "ಹೌದು ಮಾವ" ಅನ್ನುತ್ತಿದ್ದಳು.

ಜುಲೈ ತಿಂಗಳ ಒಂದು ರಾತ್ರಿ. ಹೊರಗೆ ಮುಂಬಯಿ ಮಳೆ. ಹನ್ನೊಂದೂವರೆಗೆ ನೀರು ಕುಡಿಯಲು ಎದ್ದೆ. ಅಡುಗೆಮನೆಯಲ್ಲಿ ದೀಪ ಇಲ್ಲ, ಲ್ಯಾಪ್‌ಟಾಪಿನ ಬೆಳಕು ಮಾತ್ರ. ಸೊಸೆ ಗ್ಯಾಸ್ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತುಕೊಂಡೇ ಕೆಲಸ ಮಾಡುತ್ತಿದ್ದಳು. "ಎಂತದಮ್ಮ, ಈ ಹೊತ್ತಿಗೆ?" ಅಂದೆ. "ಈಗ ಮಾತ್ರ ಯಾರೂ ಕರೆಯುವುದಿಲ್ಲ ಮಾವ" ಅಂದಳು.

ಸಿಟ್ಟಿನಿಂದ ಹೇಳಿದ್ದಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಹಾಸಿಗೆಗೆ ಬಂದು ನಾನೂ ಲೆಕ್ಕ ಹಾಕಿದೆ. ಆ ದಿನ ಅವಳನ್ನು ಕರೆದವರು ಯಾರ್ಯಾರು? ಬೆಳಿಗ್ಗೆ ಎರಡನೇ ಕಾಫಿಗೆ ನಾನು. ಕೊರಿಯರ್ ಬಂದಾಗ ನಾನು. ಕನ್ನಡಕ ಕಾಣದಾಗ ನಾನು. ನಾಲ್ಕು ಗಂಟೆಯ ಚಹಾಕ್ಕೆ ನಾನು. ಅವಳಿಗೆ ಮುಖ್ಯವಾದ ಫೋನ್ ಬಂದರೆ ಬಚ್ಚಲುಮನೆಗೆ ಹೋಗಿ ಬಕೆಟ್ ಬೋರಲು ಹಾಕಿ ಕೂತು ಮಾತಾಡುತ್ತಿದ್ದಳು. ಯಾಕೆಂದರೆ ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿದರೆ ಯಾರೂ ತಟ್ಟದ ಬಾಗಿಲು ಅದೊಂದೇ. ಏಕಾಗ್ರತೆಯ ಬಗ್ಗೆ ಭಾಷಣ ಮಾಡುತ್ತಿದ್ದವನೇ ಆ ಮನೆಯಲ್ಲಿ ಅವಳ ಏಕಾಗ್ರತೆಗೆ ಎಲ್ಲರಿಗಿಂತ ದೊಡ್ಡ ಅಡ್ಡಿಯಾಗಿದ್ದ. ಮಗನನ್ನು ಮಾತ್ರ ನಾನು ಒಮ್ಮೆಯೂ ಚಹಾ ಕೇಳಿರಲಿಲ್ಲ. ಅವನು "ಕೆಲಸದಲ್ಲಿದ್ದ."

ಅದೇ ರಾತ್ರಿ ಇನ್ನೊಂದು ಸುಳ್ಳೂ ಹೊರಗೆ ಬಂತು, ನನ್ನ ಸಿಎಐಐಬಿ ಕತೆ. ಕೋಣೆಯಲ್ಲಿ ನಾಲ್ಕು ಜನ ಇದ್ದದ್ದು ನಿಜ, ನಾನು ಪಾಸಾದದ್ದೂ ನಿಜ. ಆದರೆ ಆ ಕೋಣೆಯಲ್ಲಿ ಓದಿ ಪಾಸಾದದ್ದಲ್ಲ. ಅಲ್ಲಿ ಓದಲು ಕೂತು ಒಂದು ಸಲ ಫೇಲಾಗಿದ್ದೆ. ಆಮೇಲೆ ನಮ್ಮ ಮ್ಯಾನೇಜರರು ಸಂಜೆ ಶಾಖೆ ಮುಚ್ಚಿದ ಮೇಲೆ ಒಂದು ಮೇಜು, ಒಂದು ಟ್ಯೂಬ್‌ಲೈಟು ಉಪಯೋಗಿಸಲು ಬಿಟ್ಟರು. ಎಂಟೂವರೆಗೆ ಕಾವಲುಗಾರ ಬಂದು ಎಬ್ಬಿಸುವ ತನಕ ಓದುತ್ತಿದ್ದೆ. ಪರೀಕ್ಷೆ ಪಾಸು ಮಾಡಿಸಿದ್ದು ಆ ಮೇಜು. ಇಷ್ಟು ವರ್ಷ ಕತೆ ಹೇಳುವಾಗ ಮೇಜನ್ನು ಬಿಟ್ಟು ನನ್ನ ಛಲವನ್ನು ಮಾತ್ರ ಹೇಳಿಕೊಂಡು ಬಂದಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಜನ ಮನಸ್ಸಿನ ಬಲದಿಂದ ಮೇಲೆ ಬಂದವರು ಅಂತ ನಾವು ಹೆಮ್ಮೆ ಪಡುತ್ತೇವೆ. ಹೆಮ್ಮೆ ಇರಲಿ. ಆದರೆ ನಾವು ಹೇಳಿಕೊಳ್ಳುವ ಪ್ರತಿಯೊಂದು ಕತೆಯಲ್ಲೂ ಮನಸ್ಸಿನ ಹಿಂದೆ ಒಂದು ಏರ್ಪಾಡು ಇತ್ತು. ಅದನ್ನು ಮಾಡಿದವರು ಬೇರೆಯವರು. ಅದನ್ನು ನಾವು ಮರೆತಿದ್ದೇವೆ.

ಮುಂಬಯಿ ಕನ್ನಡಿಗರ ರಾತ್ರಿ ಶಾಲೆಗಳನ್ನೇ ತೆಗೆದುಕೊಳ್ಳಿ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಮಾಣಿ ಓದಿ ವಕೀಲನಾದ, ಹೋಟೆಲ್ ಮಾಲಿಕನಾದ ಅಂತ ಸಭೆಗಳಲ್ಲಿ ಹೇಳುತ್ತೇವೆ. ಸರಿ. ಆದರೆ ಆ ಮಾಣಿ ಹೋಟೆಲಿನ ಅಟ್ಟದ ಮೇಲೆ ಕೂತು ಓದಿದ್ದಲ್ಲ. ಸಂಜೆ ಇಂತಿಷ್ಟು ಹೊತ್ತಿಗೆ ಅವನನ್ನು ಬಿಟ್ಟುಕೊಡುವ ಧಣಿ ಇದ್ದ. ಶಾಲೆ ಅಂತ ಒಂದು ಕೋಣೆ ಇತ್ತು. ಅಲ್ಲಿ ಬೆಂಚು, ದೀಪ, ಹಾಜರಿ ಕರೆಯುವ ಮೇಷ್ಟ್ರು ಇದ್ದರು. ನಮ್ಮ ಹಿರಿಯರು ಹುಡುಗರಿಗೆ ಮನೋಬಲದ ಪುಸ್ತಕ ಹಂಚಲಿಲ್ಲ, ಶಾಲೆ ಕಟ್ಟಿದರು. 1902ರಲ್ಲಿ ಶುರುವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ವಿದ್ಯಾಸಂಸ್ಥೆ ಇವತ್ತಿಗೂ ನಮ್ಮ ಅಂಧೇರಿ ಪಶ್ಚಿಮದಲ್ಲಿ ಉಂಟು. ಹೋಗಿ ನೋಡಿ.

ಪಿಗ್ಮಿ ಠೇವಣಿ ಕರಾವಳಿಯವರಿಗೆ ಗೊತ್ತಿದ್ದದ್ದೇ. 1928ರಲ್ಲಿ ಶುರುವಾಯಿತು, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆಯಲ್ಲಿ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ದಿನಕ್ಕೆ ಎರಡಾಣೆ ಉಳಿಸಿ ಅಂತ ಗೋಡೆಗೆ ಬರೆದು ಬಿಟ್ಟಿದ್ದರೆ ಯಾರೂ ಉಳಿಸುತ್ತಿರಲಿಲ್ಲ. ಏಜೆಂಟ್ ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದ. ಮೀನು ಮಾರುವವಳ ಕೈಯಲ್ಲಿ ಎರಡಾಣೆ ಖರ್ಚಾಗುವ ಮೊದಲು ಅವನು ಹಾಜರು. ಉಳಿತಾಯದ ಮನಸ್ಸನ್ನು ದಿನಾ ಬರುವ ಆ ಮನುಷ್ಯನೇ ಬೆಳೆಸಿದ. ಬ್ಯಾಂಕಿನವನಾಗಿ ನಾನು ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಿತ್ತು.

ಮನೆಯಿಂದ ಮಾಡುವ ಕೆಲಸ ಹೊಸತು ಅಂತ ತಿಳಿಯಬೇಡಿ. ಮುಂಬಯಿಯ ಹೆಂಗಸರು ಅದನ್ನು ಎಷ್ಟೋ ಕಾಲದಿಂದ ಮಾಡುತ್ತಿದ್ದಾರೆ. 1959ರ ಮಾರ್ಚ್ 15ರಂದು ಗಿರ್ಗಾಂವಿನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತೆಗೆದು ಹಪ್ಪಳ ಲಟ್ಟಿಸಲು ಶುರು ಮಾಡಿದರು. ಅದೇ ಲಿಜ್ಜತ್ ಪಾಪಡ್. ಅವರ ಏರ್ಪಾಡು ನೋಡಿ. ಹಿಟ್ಟು ನಾದುವುದು ಮನೆಯಲ್ಲಿ ಅಲ್ಲ, ಶಾಖೆಯಲ್ಲಿ. ಬೆಳಿಗ್ಗೆ ಹೋಗಿ ನಾದಿದ ಹಿಟ್ಟು ತರಬೇಕು, ಲಟ್ಟಿಸಿ ಒಣಗಿಸಿದ ಹಪ್ಪಳವನ್ನು ಮರುದಿನ ಕೊಟ್ಟು ಹಣ ತೆಗೆದುಕೊಳ್ಳಬೇಕು. ಇನ್ನೂ ಮುಖ್ಯವಾದದ್ದು, ಮನೆ ಚೊಕ್ಕಟ ಉಂಟಾ, ಹಪ್ಪಳ ಲಟ್ಟಿಸಿ ಒಣಗಿಸಲು ಜಾಗ ಉಂಟಾ ಅಂತ ಮೊದಲೇ ನೋಡುತ್ತಾರೆ. ಜಾಗ ಇಲ್ಲದ ಹೆಂಗಸಿಗೆ "ಇಲ್ಲ" ಅನ್ನುವುದಿಲ್ಲ, ಶಾಖೆಯಲ್ಲೇ ಹಿಟ್ಟು ನಾದುವ ಅಥವಾ ಪ್ಯಾಕು ಮಾಡುವ ಕೆಲಸ ಕೊಡುತ್ತಾರೆ.

ಏಳು ಗೃಹಿಣಿಯರು ಕಟ್ಟಿದ ಹಪ್ಪಳದ ಸಂಸ್ಥೆಗೆ ಹೊಳೆದ ಈ ಪ್ರಶ್ನೆ ನನ್ನ ಸೊಸೆಯ ಕಂಪನಿಗೆ ಹೊಳೆಯಲಿಲ್ಲ. ಲ್ಯಾಪ್‌ಟಾಪ್ ಕೊಟ್ಟರು, ಪಾಸ್‌ವರ್ಡ್ ಕೊಟ್ಟರು, ಸ್ಫೂರ್ತಿ ತುಂಬುವ ಆನ್‌ಲೈನ್ ಭಾಷಣ ಏರ್ಪಡಿಸಿದರು. "ನಿಮಗೆ ಕೂರಲು ಜಾಗ ಉಂಟಾ?" ಅಂತ ಒಬ್ಬರೂ ಕೇಳಲಿಲ್ಲ. ಮೊದಮೊದಲ ಗಡಿಬಿಡಿಯಲ್ಲಿ ಕೇಳದಿದ್ದದ್ದು ಕ್ಷಮಿಸಬಹುದು. ಒಂದು ವರ್ಷದ ಮೇಲೂ ಕೇಳಲಿಲ್ಲ.

ನಮ್ಮ ದಕ್ಷಿಣ ಕನ್ನಡ, ಉಡುಪಿಯ ಕಡೆ ಬೀಡಿ ಕಟ್ಟುವ ಹೆಂಗಸರನ್ನು ನೋಡಿದವರು ನೀವು. ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು, ಒಲೆಯ ಮೇಲೊಂದು ಕಣ್ಣು, ತೊಟ್ಟಿಲ ಮೇಲೊಂದು ಕಣ್ಣು. "ಮನೇಲಿ ಕೂತು ನಾಲ್ಕು ಕಾಸು" ಅಂತ ಅವರ ಬಗ್ಗೆಯೂ ಹೇಳುತ್ತಿದ್ದೆವು. 1966ರಲ್ಲಿ ಬೀಡಿ ಕಾರ್ಮಿಕರ ಕಾನೂನು ಬಂದಾಗ, ಮಾಲು ತೆಗೆದುಕೊಂಡು ಹೋಗಿ ಮನೆಯಲ್ಲಿ ಬೀಡಿ ಕಟ್ಟುವವಳೂ ಕಾರ್ಮಿಕಳೇ ಅಂತ ಸರ್ಕಾರ ಒಪ್ಪಿತು. ಆ ಕಾನೂನನ್ನು ಈಚೆಗೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. 1996ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸಗಾರರಿಗಲ್ಲ, ಮನೆಯಿಂದ ಕೆಲಸ ಮಾಡುವವರಿಗೆಂದೇ ಒಂದು ಒಪ್ಪಂದ ಮಾಡಿತು. ಭಾರತ ಅದಕ್ಕೆ ಸ್ಥಿರೀಕರಣ ಕೊಟ್ಟಿಲ್ಲ. ಅದೇ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಕೊರೋನಾ ಬರುವ ಮೊದಲೇ ಜಗತ್ತಿನಲ್ಲಿ ಸುಮಾರು 26 ಕೋಟಿ ಜನ ಮನೆಯಿಂದ ದುಡಿಯುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಇವರೆಲ್ಲರ ತೊಂದರೆ ಮನಸ್ಸು ಗಟ್ಟಿ ಇಲ್ಲದ್ದಾ?

ಎಂ.ಕಾಂ. ಓದಿದವನಾದ್ದರಿಂದ ಈ ಇಡೀ ವ್ಯವಹಾರವನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ತೋರಿಸುತ್ತೇನೆ. ಕಂಪನಿಯ ಲಾಭನಷ್ಟ ಖಾತೆಯಲ್ಲಿ ಬಾಡಿಗೆ, ವಿದ್ಯುತ್ತು, ಇಂಟರ್ನೆಟ್ಟು, ಕುರ್ಚಿ ಮೇಜು, ಚಹಾ ಅಂತ ಖರ್ಚಿನ ಬಾಬ್ತುಗಳು ಇರುತ್ತವೆ. 2020ರಲ್ಲಿ ಆ ಬಾಬ್ತುಗಳು ಮಾಯವಾಗಲಿಲ್ಲ, ನಮ್ಮ ಮನೆಯ ಖಾತೆಗೆ ವರ್ಗವಾದವು. ನಾನು ತಿಂಗಳ ಖರ್ಚು ಬರೆದಿಡುವವ. ಹಿಂದಿನ ವರ್ಷದ ಬೇಸಿಗೆಗೆ ಹೋಲಿಸಿದರೆ ನಮ್ಮ ಕರೆಂಟ್ ಬಿಲ್ಲು ತಿಂಗಳಿಗೆ 1,300 ರೂಪಾಯಿ ಏರಿತ್ತು. ದೊಡ್ಡ ಇಂಟರ್ನೆಟ್ ಪ್ಲಾನು ಹಾಕಿಸಿದೆವು. ಸೊಸೆಯ ಬೆನ್ನುನೋವಿಗೆ ಮಾತ್ರೆ ಬೇರೆ. ಸಂಬಳದಲ್ಲಿ ಒಂದು ಪೈಸೆ ಹೆಚ್ಚಾಗಲಿಲ್ಲ. ರೈಲಿನ ಪಾಸು ಉಳಿಯಿತಲ್ಲ ಅನ್ನುತ್ತೀರಿ. ಉಳಿಯಿತು. ಆದರೆ ರೈಲಿನ ಹೊತ್ತು ಉಳಿಯಿತಾ? ಇಲ್ಲ, ಅದನ್ನೂ ಕಂಪನಿಯೇ ತೆಗೆದುಕೊಂಡಿತು. ಬೆಳಿಗ್ಗೆ ಎಂಟಕ್ಕೆ ಮೀಟಿಂಗು, ರಾತ್ರಿ ಹತ್ತಕ್ಕೆ "ಒಂದು ಸಣ್ಣ ಕಾಲ್." ಇಷ್ಟೆಲ್ಲ ವರ್ಗಾಯಿಸಿದ ಮೇಲೆ, ಕೆಲಸ ತಡವಾದರೆ ಅದಕ್ಕೆ ಕಾರಣ ನಿಮ್ಮ ಏಕಾಗ್ರತೆಯ ಕೊರತೆ ಅಂತ ಹೊಣೆಯನ್ನೂ ಮನೆಗೇ ವರ್ಗಾಯಿಸಿದರು. ಉಪದೇಶಕ್ಕೆ ಖರ್ಚಿಲ್ಲ, ಮೇಜಿಗೆ ಖರ್ಚುಂಟು. ಅದಕ್ಕೇ ಉಪದೇಶ ಧಾರಾಳವಾಗಿ ಸಿಗುತ್ತದೆ.

ಬೇರೆ ದೇಶಗಳಲ್ಲಿ ಹೀಗೇ ಬಿಟ್ಟಿಲ್ಲ. ಫ್ರಾನ್ಸಿನಲ್ಲಿ 2017ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲ್ ನೋಡದೆ ಇರುವ ಹಕ್ಕು ನೌಕರನಿಗೆ ಉಂಟು. ಪೋರ್ಚುಗಲ್‌ನಲ್ಲಿ 2022ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಕೆಲಸದ ಹೊತ್ತಿನ ಆಚೆ ನೌಕರನನ್ನು ಸಂಪರ್ಕಿಸದೆ ಇರುವುದು ಮಾಲಿಕನ ಕರ್ತವ್ಯ. ಮನೆಯಿಂದ ಕೆಲಸ ಮಾಡಿದ್ದರಿಂದ ಹೆಚ್ಚಾದ ವಿದ್ಯುತ್ತು, ಇಂಟರ್ನೆಟ್ಟಿನ ಖರ್ಚನ್ನೂ ಅವನು ಕೊಡಬೇಕು. ಅಲ್ಲಿಯವರಿಗೆ ನಮಗಿಂತ ಮನೋಬಲ ಕಡಿಮೆ ಅಂತ ಈ ಕಾನೂನು ಮಾಡಿದ್ದಲ್ಲ.

ನೀವು ಎತ್ತುವ ಆಕ್ಷೇಪಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

"ದೊಡ್ಡ ಮನೆ, ಬೇರೆ ಕೋಣೆ ಇದ್ದವರಿಗೂ ಮನಸ್ಸು ನಿಲ್ಲುವುದಿಲ್ಲವಲ್ಲ?" ನಿಜ. ಕೋಣೆ ಇದ್ದರೆ ಸಾಕು ಅಂತ ನಾನು ಹೇಳಲಿಲ್ಲ. ಗದ್ದೆ ಇದ್ದವರೆಲ್ಲ ಬೆಳೆ ತೆಗೆಯುವುದಿಲ್ಲ. ಆದರೆ ಗದ್ದೆಯೇ ಇಲ್ಲದವನಿಗೆ ಬೇಸಾಯದ ಪಾಠ ಹೇಳುವುದು ಕ್ರೌರ್ಯ.

"ಮನೆಯಿಂದ ಕೆಲಸ ಇದ್ದದ್ದಕ್ಕೇ ಎಷ್ಟೋ ಹೆಂಗಸರ ಉದ್ಯೋಗ ಉಳಿಯಿತಲ್ಲ?" ಇದೂ ನಿಜ. ಬಾಣಂತಿಯರಿಗೆ, ಅಂಗವಿಕಲರಿಗೆ, ವಯಸ್ಸಾದ ತಂದೆತಾಯಿ ಇದ್ದವರಿಗೆ ಇದು ವರ. ವಿರಾರದಿಂದ ಬೆಳಗಿನ ಲೋಕಲ್‌ನಲ್ಲಿ ಬಾಗಿಲಿಗೆ ನೇತುಬಿದ್ದು ಅಂಧೇರಿಗೆ ಬರುವವನನ್ನು ಕೇಳಿ, ವಾರಕ್ಕೆ ಎರಡು ದಿನ ಮನೆಯಲ್ಲಿರುವುದು ಅವನಿಗೆ ಪ್ರಾಣ ಉಳಿದ ಹಾಗೆ. ನಾನು ಮನೆಯಿಂದ ಕೆಲಸ ಮಾಡುವುದರ ವಿರೋಧಿ ಅಲ್ಲ. ಮನೆಯನ್ನು ಪುಕ್ಕಟೆ ಆಫೀಸು ಮಾಡಿಕೊಂಡು, ಆಮೇಲೆ ಮನೆಯವರ ಗುಣಕ್ಕೆ ಮಾರ್ಕು ಹಾಕುವುದರ ವಿರೋಧಿ.

"ಹಾಗಾದರೆ ಊರಿಗೆ ಬಂದು ಕೆಲಸ ಮಾಡಲಿ, ಇಲ್ಲಿ ಇಷ್ಟು ದೊಡ್ಡ ಮನೆ ಖಾಲಿ ಬಿದ್ದಿದೆ." ಇದನ್ನು ಹೇಳದ ನೆಂಟರಿಲ್ಲ. ನನ್ನ ತಂಗಿಯ ಮಗ 2020ರ ಮಳೆಗಾಲದಲ್ಲಿ ಹಾಗೆ ಬಂದ. ಕರೆಂಟು ಹೋದರೆ ಮರುದಿನ ಬರುತ್ತಿತ್ತು, ನೆಟ್‌ವರ್ಕ್ ಬೇಕಾದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಅದನ್ನಾದರೂ ಸಹಿಸಿದ. ಸಹಿಸಲಾರದ್ದು ನಿಮ್ಮ ಪ್ರೀತಿ. "ಅರ್ಧ ಗಂಟೆ ಮುಚ್ಚಿಡು ಮಾರಾಯ, ತೆಂಗಿನಕಾಯಿ ಎಣಿಸಲಿಕ್ಕೆ ಜನ ಇಲ್ಲ." "ಬೈಕಿನಲ್ಲಿ ಪೇಟೆಗೆ ಹೋಗಿ ಬಾ." "ಪೂಜೆಗೆ ಹತ್ತು ನಿಮಿಷ ಬಂದು ಕೂರು, ನಿನಗೆಂತ, ಮನೆಯಲ್ಲೇ ಇದ್ದಿಯಲ್ಲ." ಕೆಲಸ ಕಣ್ಣಿಗೆ ಕಾಣದಿದ್ದರೆ ಅದು ಕೆಲಸವೇ ಅಲ್ಲ ಅಂತ ನಮ್ಮ ನಂಬಿಕೆ. ಗದ್ದೆಯಲ್ಲಿ ಬಗ್ಗಿದ ಬೆನ್ನು ಕಾಣುತ್ತದೆ, ಬ್ಯಾಂಕಿನ ಕೌಂಟರು ಕಾಣುತ್ತದೆ. ಪರದೆ ನೋಡುತ್ತಾ ಕೂತವನು ಖಾಲಿ ಇದ್ದಾನೆ ಅಂತಲೇ ಲೆಕ್ಕ. ಹೆಣ್ಣಾದರೆ ಇನ್ನೂ ಖಾಲಿ.

ಹಾಗಾದರೆ ಮನುಷ್ಯ ತಾನಾಗಿ ಮಾಡಬೇಕಾದದ್ದು ಏನೂ ಇಲ್ಲವಾ? ಉಂಟು. ನಮ್ಮ ಮನೆಯಲ್ಲಿ ಆ ರಾತ್ರಿಯ ನಂತರ ಮಾಡಿಕೊಂಡದ್ದನ್ನು ಹೇಳುತ್ತೇನೆ. ಆದರೆ ಗಮನಿಸಿ, ಇವುಗಳಲ್ಲಿ ಒಂದನ್ನೂ ಒಬ್ಬರೇ ಮಾಡಲು ಆಗುವುದಿಲ್ಲ.

ಮೊದಲಿಗೆ ಮೇಜಿಗೆ ಪಾಳಿ ಹಾಕಿದೆವು. ಬೆಳಿಗ್ಗೆ ಸೊಸೆಗೆ, ಮಧ್ಯಾಹ್ನದ ಮೇಲೆ ಮಗನಿಗೆ. ಮಗ ಮುಖ ಸಪ್ಪೆ ಮಾಡಿದ, ನಾನು ಹಳೇ ಮ್ಯಾನೇಜರನ ದನಿಯಲ್ಲಿ ಹೇಳಿದ ಮೇಲೆ ಒಪ್ಪಿದ. ಎರಡನೆಯದಾಗಿ, ಮೊಮ್ಮಗನ ಶಾಲೆಯನ್ನು ನಾನು ವಹಿಸಿಕೊಂಡೆ. ಮೊಬೈಲು, ಅವನು, ನಾನು ಮೂವರೂ ಬೆಡ್‌ರೂಮಿನೊಳಗೆ, ಬಾಗಿಲು ಮುಚ್ಚಿ. ಮೂರನೆಯದು ಚಹಾ. ಅರುವತ್ತೊಂದನೇ ವಯಸ್ಸಿನಲ್ಲಿ ಚಹಾ ಮಾಡಲು ಕಲಿತೆ. ಮೊದಲ ವಾರ ಕುಡಿಯುವ ಹಾಗಿರಲಿಲ್ಲ. ನಾಲ್ಕನೆಯದು ನಮ್ಮ ಬ್ಯಾಂಕಿನ ಪದ್ಧತಿ. ಸಂಜೆ ಏಳೂವರೆಗೆ ಲೆಕ್ಕ ಮುಕ್ತಾಯ. ಎರಡೂ ಲ್ಯಾಪ್‌ಟಾಪ್ ಗೋದ್ರೇಜ್ ಬೀರುವಿನೊಳಗೆ, ಬೀಗದಕೈ ನನ್ನ ಹೆಂಡತಿಯ ಸೊಂಟದಲ್ಲಿ. ಅವಳನ್ನು ಕೇಳಿ ತೆಗೆಯಬೇಕು, ಯಾಕೆ ಅಂತ ಹೇಳಬೇಕು. ಕಾರಣ ಹೇಳಲು ನಾಚಿಕೆಯಾಗಿ ಎಷ್ಟೋ ರಾತ್ರಿ ಬೀರು ಮುಚ್ಚಿಯೇ ಇತ್ತು. ಇನ್ನೊಂದು, ಮಗ ದಿನಾ ಬೆಳಿಗ್ಗೆ ಬೂಟು ಹಾಕಿ ಕೆಳಗಿಳಿದು ಸೊಸೈಟಿಯ ಸುತ್ತ ಎರಡು ಸುತ್ತು ಹಾಕಿ "ಆಫೀಸಿಗೆ" ಬರುತ್ತಿದ್ದ. ವಾಚ್‌ಮನ್ ನಗುತ್ತಿದ್ದ. ಆದರೆ ಅದು ಕೆಲಸ ಮಾಡಿತು.

ಇದರಿಂದ ಮನೆಯಲ್ಲಿ ಕೆಲಸ ಸುಧಾರಿಸಿತು. ಆದರೆ ಕಂಪನಿಯಲ್ಲಿ ಹಳೇ ತಿಂಗಳುಗಳ ಲೆಕ್ಕ ಮೊದಲೇ ಬಿದ್ದಾಗಿತ್ತು. 2021ರ ಏಪ್ರಿಲ್‌ನಲ್ಲಿ ಸೊಸೆಯ ವಾರ್ಷಿಕ ಮೌಲ್ಯಮಾಪನ ಬಂತು. ಒಂಬತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದವಳಿಗೆ, ಕೆಲಸದಲ್ಲಿ ಗಮನ ಸಾಲದು ಅಂತ ಬರೆದಿದ್ದರು. ಹಗಲು ಫೋನಿಗೆ ಸಿಗುವುದಿಲ್ಲ ಅಂತಲೂ ಇತ್ತು. ರಾತ್ರಿ ಹನ್ನೊಂದೂವರೆಗೆ ಗ್ಯಾಸ್ ಕಟ್ಟೆಯ ಮುಂದೆ ನಿಂತು ಮುಗಿಸಿದ ಕ್ಲೇಮುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಓದಿ ಮಡಿಸಿಟ್ಟಳು. ಮುಂದಿನ ತಿಂಗಳು ರಾಜೀನಾಮೆ ಕೊಟ್ಟಳು. ಲೋಕಲ್ ರೈಲು ಎರಡು ಡೋಸ್ ಹಾಕಿಸಿಕೊಂಡವರಿಗೆ ತೆರೆದದ್ದು ಆ ವರ್ಷದ ಆಗಸ್ಟ್ 15ಕ್ಕೆ. ಇನ್ನು ಮೂರು ತಿಂಗಳು ತಡೆದಿದ್ದರೆ ಅವಳಿಗೆ ಅವಳ ಮೇಜು ಮತ್ತೆ ಸಿಗುತ್ತಿತ್ತು. ಆಮೇಲೆ ಒಂದು ವರ್ಷ ಕೆಲಸ ಇಲ್ಲದೆ ಇದ್ದು, ಈಗ ಮರೋಳದ ಒಂದು ಸಣ್ಣ ಆಫೀಸಿನಲ್ಲಿ ಮೊದಲಿಗಿಂತ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದಾಳೆ. ಆರೂವರೆಗೆ ಹೊರಡುತ್ತಾಳೆ, ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು.

"ನನ್ನಿಂದ ಆದದ್ದಲ್ವಾ?" ಅಂತ ಒಮ್ಮೆ ಕೇಳಿದೆ. "ಬಿಡಿ ಮಾವ, ನೀವಾದರೂ ಚಹಾ ಕಲಿತಿರಿ" ಅಂದಳು. ಅದು ಕ್ಷಮೆಯೋ ಪೆಟ್ಟೋ ನನಗೆ ಇವತ್ತಿಗೂ ತಿಳಿದಿಲ್ಲ.

ಹಾಗಾಗಿ ಬರೀ ಜಗಳ ಮಾಡಿ ಎದ್ದುಹೋಗದೆ ಒಂದು ಬೇಡಿಕೆ ಇಡುತ್ತೇನೆ. ಕಂಪನಿಗಳಿಂದ ಹೊತ್ತು ಮತ್ತು ಖರ್ಚು ಕೇಳುವುದು ಕಾನೂನಿನ ದಾರಿ, ಅದಕ್ಕೆ ಕಾಲ ಬೇಕು. ಆದರೆ ಜಾಗ ನಮ್ಮ ಕೈಯಲ್ಲೇ ಉಂಟು. ಮುಂಬಯಿಯ ವರ್ಲಿಯಲ್ಲಿ ಒಂದು ಬೀದಿಗೆ ಅಭ್ಯಾಸ ಗಲ್ಲಿ ಅಂತಲೇ ಹೆಸರು. ಚಾಳಿನ ಮನೆಗಳಲ್ಲಿ ಓದಲು ಜಾಗ ಇಲ್ಲದ ಮಕ್ಕಳು ತಲೆಮಾರುಗಳಿಂದ ಅಲ್ಲಿ ಬೀದಿದೀಪದ ಕೆಳಗೆ ಓದುತ್ತಾರೆ. ಇಲ್ಲಿನ ವಸತಿಗಳಲ್ಲಿ ಅಭ್ಯಾಸಿಕಾ ಅಂತ ಓದುವ ಕೋಣೆಗಳೂ ಇವೆ. ನಾವು ಏನು ಮಾಡಿದ್ದೇವೆ? ಮುಂಬಯಿಯಲ್ಲಿ ನಮ್ಮ ಜಾತಿಗೊಂದು ಸಂಘ, ಸಂಘಕ್ಕೊಂದು ಸಭಾಭವನ. ಭಾನುವಾರ ಮದುವೆ, ಸನ್ಮಾನ, ಯಕ್ಷಗಾನ. ಸೋಮವಾರದಿಂದ ಶುಕ್ರವಾರ ಬಾಗಿಲಿಗೆ ಬೀಗ, ಒಳಗೆ ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳು. ಊರಿನಲ್ಲೂ ಅಷ್ಟೇ. ದೇವಸ್ಥಾನದ ಹಾಲು, ಸಹಕಾರಿ ಸಂಘದ ಮಹಡಿ, ಸಮುದಾಯ ಭವನ. ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೊಸ ಹೆಸರು ಬಂದಿದೆ. ಅಲ್ಲಿಯೂ ನಾಲ್ಕು ಮೇಜು ಹೆಚ್ಚಿಗೆ ಹಾಕಬಹುದು.

ನಮ್ಮ ಅಜ್ಜಂದಿರು ಹೋಟೆಲ್ ಮಾಣಿಗಳಿಗೆ ರಾತ್ರಿ ಶಾಲೆ ತೆರೆದರು. ನಾವು ನಮ್ಮ ಮಕ್ಕಳಿಗೆ ಹಗಲು ಕೋಣೆ ತೆರೆಯೋಣ. ಹತ್ತು ಮೇಜು, ಹತ್ತು ಕುರ್ಚಿ, ಫ್ಯಾನು, ಇಂಟರ್ನೆಟ್ಟು, ಒಂದು ಹಾಜರಿ ಪುಸ್ತಕ. ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಏಳಕ್ಕೆ ಮುಚ್ಚುವುದು. ತಿಂಗಳಿಗೆ ಸಣ್ಣ ಚಂದಾ. ಮೊದಲ ಐದು ಮೇಜು ಹೆಂಗಸರಿಗೆ ಮೀಸಲು. ನಮ್ಮ ಸೊಸೈಟಿಯ ಮಹಾಸಭೆಯಲ್ಲಿ ನಾನು ಇದನ್ನು ಎರಡು ಸಲ ಎತ್ತಿದೆ. ಎರಡು ಸಲವೂ "ಮುಂದೆ ನೋಡೋಣ" ಅಂದರು. ಮೂರನೇ ಸಲವೂ ಎತ್ತುತ್ತೇನೆ. ನಿವೃತ್ತರು ನಾವು, ಕಾವಲು ಕೂರಲು, ಹಾಜರಿ ಬರೆಯಲು ನಮಗೆ ಪುರುಸೊತ್ತು ಉಂಟು. ಬೇಕಾದರೆ ನಾಲ್ಕು ಗಂಟೆಗೆ ಚಹಾವನ್ನೂ ನಾನೇ ಮಾಡುತ್ತೇನೆ.

ಅಷ್ಟರ ತನಕ ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಮನೆಯಿಂದ ಕೆಲಸ ಮಾಡುವ ಹುಡುಗನೋ ಹುಡುಗಿಯೋ ರಜೆಗೆ ಊರಿಗೆ ಬಂದರೆ, ಮನಸ್ಸಿದ್ದರೆ ಮಾರ್ಗ ಅಂತ ಹೇಳಬೇಡಿ. ಒಂದು ಕೋಣೆ ಗುಡಿಸಿ, ಒಂದು ಮೇಜು ಹಾಕಿ, ಬಾಗಿಲು ಮುಂದೆ ಮಾಡಿ ಬನ್ನಿ. ತೆಂಗಿನಕಾಯಿಯನ್ನು ನೀವೇ ಎಣಿಸಿಕೊಳ್ಳಿ.